ಹೊಸ ಸವಾರರೊಡನೆ ನೀರಿನ ದಾರಿ



ಕುಂದಾಪುರದಿಂದ ಮುರುಡೇಶ್ವರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಮರವಂತೆಯೆಂಬ ಗ್ರಾಮವಿದೆ. ಅಲ್ಲಿ ರಸ್ತೆಯ ಒಂದು ಪಕ್ಕದಲ್ಲಿ ಸಮುದ್ರವೂ ಮತ್ತೊಂದು ಪಕ್ಕದಲ್ಲಿ ಸೌಪರ್ಣಿಕಾ ನದಿಯೂ ಇವೆ. ಕೆಲವು ವರ್ಷಗಳ ಹಿಂದೆ ನಾವು ದಂಪತಿಗಳು ಬಸ್ಸಿನಲ್ಲಿ ಆ ದಾರಿಯಾಗಿ ಹೋಗುತ್ತಿದ್ದಾಗ, ನನ್ನ ಗೃಹಿಣಿಯು ಕಿಟಕಿಯಿಂದ ಹೊರಗೆ ನೋಡುತ್ತ, “ಈ ರಸ್ತೆಯಲ್ಲಿ ಸೈಕಲ್ ಮೇಲೆ ಹೋದರೆ ಹೇಗಿರುತ್ತದೆಯೋ!” ಎಂದಳು. ಆಗ ಆಕೆಗೆ ಸೈಕಲ್ ಸವಾರಿ ಬರುತ್ತಿರಲಿಲ್ಲ. ಬಾಲ್ಯದಲ್ಲಿ ಕಲಿಯಬೇಕೆಂದು ಕೇಳಿದ್ದಕ್ಕೆ, ಹೆಣ್ಣುಮಗುವಿಗೆ ಅದೆಲ್ಲ ಏತಕ್ಕೆಂದು ಹಿರಿಯರು ಬಿಡಲಿಲ್ಲವಂತೆ. ನಾನಾದರೋ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಶಾಲೆಗೆ ಸೈಕಲ್ಲಿನ ಮೇಲೆಯೇ ಹೋಗಿಬಂದವನು. ಆಕೆಯ ಮಾತನ್ನು ಕೇಳಿ ನಕ್ಕು ಸುಮ್ಮನಾದೆನು.

ನಾನು ನಿವೃತ್ತನಾದ ಮೇಲೆ, ತನ್ನ ಐವತ್ತೈದನೆಯ ವಯಸ್ಸಿನಲ್ಲಿ, ಆಕೆ ಸವಾರಿಯನ್ನು ಕಲಿತಳು. ಅಂದಿನಿಂದ ನಮ್ಮ ಶ್ರೀರಂಗಪಟ್ಟಣದ ಮನೆಯಲ್ಲಿ ಒಂದು ಪ್ರಶ್ನೆಯು ಹುಟ್ಟಿತು. ಒಬ್ಬರು ಹಳೆಯ ಸವಾರರು, ಮತ್ತೊಬ್ಬರು ಹೊಸಬರು. ಇಬ್ಬರೂ ಕೂಡಿ ಒಂದು ದಿನ ಸುಂದರವಾದ ದಾರಿಯೊಂದರಲ್ಲಿ ಹೋಗಿಬರಬೇಕಾದರೆ ಅದನ್ನು ಹೇಗೆ ಯೋಜಿಸಬೇಕು? ಹೆಂಡತಿಯ ಸ್ಥಾನದಲ್ಲಿ ಮಗಳನ್ನೋ ಮೊಮ್ಮಗನನ್ನೋ ಇಟ್ಟುಕೊಂಡರೆ ಈ ಪ್ರಶ್ನೆಯು ಅನೇಕ ಮನೆಗಳದ್ದು. ಆದುದರಿಂದ ಈ ತಿಂಗಳು ಇದನ್ನೇ ವಿಚಾರಮಾಡೋಣ. ನಾನು ಮಾಡಿದ ತಪ್ಪನ್ನೂ ಮರೆಮಾಚದೆ ಹೇಳುತ್ತೇನೆ.

ಮೊದಲು ಕಲಿಕೆಯ ಮಾತು. ಹಿಂದೆ ಸೀಟನ್ನು ಹಿಡಿದುಕೊಂಡು ಒಬ್ಬರು ಓಡುವುದು, ಸವಾರನು ಹೆದರಿಕೆಯಿಂದ ತುಳಿಯುವುದು, ಹಿಡಿದವರು ಹೇಳದೆ ಕೈಬಿಡುವುದು, ಅವನು ಬೀಳುವುದು, ಹೀಗೆ ನಮ್ಮ ಕಾಲದಲ್ಲಿ ಕಲಿತೆವು. ಇದಕ್ಕಿಂತ ಮೇಲಾದ ಕ್ರಮವನ್ನು ನಾನು ನನ್ನ ವಿದ್ಯಾರ್ಥಿನಿಯರಿಂದ ಕಲಿತೆನು. 2006-07ರಿಂದ ಹಲವು ವರ್ಷಗಳ ಕಾಲ ಕರ್ನಾಟಕ ಸರ್ಕಾರವು 8ನೆಯ ತರಗತಿಯ ಮಕ್ಕಳಿಗೆ ಸೈಕಲ್ಲುಗಳನ್ನು ಕೊಟ್ಟಿತು. ಆಗ ಶಾಲೆಯ ಬಯಲಿನಲ್ಲಿ ಕೆಲವು ಹುಡುಗಿಯರು ಪೆಡಲನ್ನು ಮುಟ್ಟದೆ, ಎರಡು ಕಾಲುಗಳಿಂದಲೂ ನೆಲವನ್ನು ನೂಕುತ್ತ, ಇಳಿಜಾರಿನಲ್ಲಿ ಜಾರಿಕೊಂಡು ಹೋಗುತ್ತಿದ್ದರು. ಅವರು ಕೆಲವೇ ದಿನಗಳಲ್ಲಿ ಸಲೀಸಾಗಿ ಸವಾರಿ ಮಾಡತೊಡಗಿದರು. ಇದು ಸೈಕಲ್ಲಿನ ಚರಿತ್ರೆಯ ಕ್ರಮವೂ ಹೌದು. 1817ರಲ್ಲಿ ಜರ್ಮನಿಯ ಮಾನ್‌ಹೈಮಿನಲ್ಲಿ ಕಾರ್ಲ್ ಡ್ರೈಸ್ ಎಂಬಾತನು ನಿರ್ಮಿಸಿದ ಎರಡು ಚಕ್ರದ ಯಂತ್ರಕ್ಕೆ ಪೆಡಲೇ ಇರಲಿಲ್ಲ. ಕಾಲಿನಿಂದ ನೆಲವನ್ನು ಒದೆಯುತ್ತ ಸಾಗಬೇಕಾಗಿತ್ತು. ಪೆಡಲು ರೂಢಿಗೆ ಬಂದದ್ದು 1860ರ ದಶಕದಲ್ಲಿ. ಸಮತೋಲವನ್ನು ಮೊದಲು, ತುಳಿತವನ್ನು ಆಮೇಲೆ ಕಲಿಯುವುದು ಸುಲಭ.

ನಮ್ಮ ಮನೆಯಲ್ಲಿಯೂ ಹಾಗೆಯೇ ಮಾಡಿದೆವು. ಅಡ್ಡಕಂಬಿಯಿಲ್ಲದ ಹೆಂಗಸರ ಸೈಕಲ್ಲೊಂದನ್ನು ತಂದು, ಎರಡು ಪಾದಗಳೂ ನೆಲಕ್ಕೆ ಪೂರ್ತಿಯಾಗಿ ತಾಗುವಷ್ಟು ಸೀಟನ್ನು ಇಳಿಸಿ, ಪೆಡಲುಗಳನ್ನು ಬಿಚ್ಚಿಸಿದೆನು. ಆರು ದಿನ ಹೀಗೆ ಜಾರಿದ ಮೇಲೆ ಪೆಡಲುಗಳನ್ನು ಹಾಕಿಸಿದೆವು. ಹೊಸಬರಿಗೆ ಹೇಳತಕ್ಕ ಮಾತುಗಳು ಮೂರೇ. ಎತ್ತ ವಾಲುವುದೋ ಅತ್ತಲೇ ಹ್ಯಾಂಡಲನ್ನು ಮೆಲ್ಲನೆ ತಿರುಗಿಸಬೇಕು. ಮುಂದಿನ ಚಕ್ರವನ್ನು ನೋಡದೆ ಹತ್ತು ಮಾರು ದೂರವನ್ನು ನೋಡಬೇಕು. ಕಣ್ಣು ಹೋದ ಕಡೆಗೇ ಚಕ್ರವೂ ಹೋಗುತ್ತದೆ. ಎರಡು ಬ್ರೇಕುಗಳನ್ನೂ ಒಟ್ಟಿಗೆ, ಹದವಾಗಿ ಹಿಡಿಯಬೇಕು. ಮುಂದಿನದನ್ನೊಂದನ್ನೇ ತಟ್ಟನೆ ಹಿಡಿದರೆ ಮುಗ್ಗರಿಸುವುದುಂಟು. ಸೆರಗೂ ನೆರಿಗೆಯೂ ಚೈನಿಗೆ ಸಿಕ್ಕುವ ಭಯವಿರುವುದರಿಂದ ಚೂಡಿದಾರವನ್ನು ಧರಿಸುವುದು ಒಳ್ಳೆಯದು. ನನ್ನ ಗೃಹಿಣಿಯು ನಾಲ್ಕು ದಿನ ಸಂಕೋಚಪಟ್ಟಳು. ಐದನೆಯ ದಿನ ನೆರೆಮನೆಯ ಇಬ್ಬರು ಹೆಂಗಸರು ತಾವೂ ಕಲಿಯುವುದಾಗಿ ಬಂದರು.

ಇನ್ನು ನನ್ನ ತಪ್ಪಿನ ಮಾತು. ಆಕೆಯು ಬಯಲಿನಲ್ಲಿ ಧೈರ್ಯವಾಗಿ ಸುತ್ತುವುದನ್ನು ಕಂಡು ನನಗೆ ಉತ್ಸಾಹವು ಮಿತಿಮೀರಿತು. ಶ್ರೀರಂಗಪಟ್ಟಣದಿಂದ ಪಾಂಡವಪುರ, ಅಲ್ಲಿಂದ ತೊಣ್ಣೂರು ಕೆರೆ, ಅಲ್ಲಿಂದ ಮೇಲುಕೋಟೆಯ ಬೆಟ್ಟ, ಹೀಗೆ 30ಕ್ಕೂ ಮಿಗಿಲಾದ ಕಿಲೋಮೀಟರುಗಳನ್ನು ಒಂದೇ ದಿನದಲ್ಲಿ ಮುಗಿಸುವುದೆಂದು ಕಾಗದದ ಮೇಲೆ ಬರೆದೆನು. ನನ್ನ ಯೌವನದ ಲೆಕ್ಕದಲ್ಲಿ ಅದು ದೊಡ್ಡ ದೂರವಲ್ಲ. ಆಕೆಯನ್ನು ನಾನು ಕೇಳಲೂ ಇಲ್ಲ. ಕಾಗದವನ್ನು ಓದಿ ಹೇಳಿದೆನು, ಆಕೆ ತಲೆಯಾಡಿಸಿದಳು.

ಮುಂಜಾನೆ ಹೊರಟೆವು. ಪಾಂಡವಪುರದ ಸೀಮೆಯಲ್ಲಿ, ದೊಡ್ಡ ರಸ್ತೆಯ ವಾಹನಗಳನ್ನು ತಪ್ಪಿಸಬೇಕೆಂದು, ಕಾಲುವೆಯ ಏರಿಯ ಮೇಲಿನ ಕಿರುದಾರಿಯನ್ನು ಹಿಡಿದೆನು. ಒಂದು ಪಕ್ಕದಲ್ಲಿ ತುಂಬಿ ಹರಿಯುವ ನೀರು, ಮತ್ತೊಂದು ಪಕ್ಕದಲ್ಲಿ ಕಬ್ಬೂ ಬತ್ತವೂ. ಬಹಳ ಸೊಗಸಾದ ದಾರಿ. ಅಭ್ಯಾಸಬಲದಿಂದ ನಾನು ಮುಂದೆ ಹೋದೆನು. ಒಂದು ಆಲೆಮನೆಯ ಬಳಿ ನಿಂತು, ಕಬ್ಬಿನ ಹಾಲನ್ನು ಕುಡಿದು, ಆಕೆಯು ಈಗ ಬಂದಾಳು, ಆಗ ಬಂದಾಳು ಎಂದು ಕಾಯುತ್ತ ಕುಳಿತೆನು. ಸ್ವಲ್ಪ ಹೊತ್ತಿನ ಮೇಲೆ ಮೊಪೆಡ್ಡಿನ ಮೇಲೆ ಹುಲ್ಲಿನ ಹೊರೆಯನ್ನಿಟ್ಟುಕೊಂಡು ಬಂದ ರೈತನೊಬ್ಬನು ನಿಂತು, “ಮೇಷ್ಟ್ರೇ, ನಿಮ್ಮ ಅಮ್ಮಾವ್ರಾ? ಅಲ್ಲಿ ಏರಿ ಮೇಲೆ ಬಿದ್ದು ಕುಂತವ್ರೆ. ಕೈಲಿ ರಕ್ತ ಸೋರ್ತಾದೆ, ಬ್ಯಾಗ ಹೋಗಿ” ಎಂದನು.

ನಾನು ಹಿಂದಿರುಗಿ ಹೋಗುವಾಗ ಕಂಡುದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಸೈಕಲ್ಲು ಅಡ್ಡಬಿದ್ದಿತ್ತು. ಅದರ ಮುಂದಿನ ಚಕ್ರದಿಂದ ನೀರಿಗೆ ಎರಡು ಮಾರು ಅಂತರವೂ ಇರಲಿಲ್ಲ. ಅಡ್ಡಗೋಡೆಯೆಂಬುದು ಅಲ್ಲಿರಲಿಲ್ಲ. ಆಕೆಗೆ ಈಜು ಬಾರದು. ಅಂಗೈಯ ಚರ್ಮವು ಕಿತ್ತುಹೋಗಿತ್ತು; ಮಿಕ್ಕಂತೆ ದೇವರ ದಯೆಯಿಂದ ಏನೂ ಆಗಿರಲಿಲ್ಲ. “ಇಷ್ಟು ಬೇಗ ಏಕೆ ತುಳಿದೆ?” ಎಂದು, ಹೆದರಿಕೆಯಲ್ಲಿ, ನಾನೇ ಗದರಿಸಿದೆನು. ಆಕೆಯು, “ನನಗೆ ಕಾಣುತ್ತಿದ್ದುದು ನಿಮ್ಮ ಬೆನ್ನೊಂದೇ. ಅದೂ ಸಣ್ಣದಾಗುತ್ತಾ ಹೋಯಿತು. ಅದು ಕಾಣದೆ ಹೋದೀತೆಂದು ತುಳಿದೆ. ಕಾಲುವೆಯನ್ನೂ ನೋಡಲಿಲ್ಲ, ಗದ್ದೆಯನ್ನೂ ನೋಡಲಿಲ್ಲ. ಎರಡು ಸಲ ಕೂಗಿದೆ, ನಿಮಗೆ ಕೇಳಿಸಲಿಲ್ಲ” ಎಂದಳು.

ಆ ಕಾಲುವೆಗಳ ಸ್ವಭಾವವು ನನಗೆ ತಿಳಿಯದ್ದೇನೂ ಅಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಪ್ರಾಣ ಕಳೆದುಕೊಂಡರು. ಶಾಲೆಯಿಂದ ಮನೆಗೆ ಮರಳುತ್ತಿದ್ದ ಮಕ್ಕಳೂ ಅವರಲ್ಲಿದ್ದರು. ಇದೆಲ್ಲ ಗೊತ್ತಿದ್ದೂ, ಹೊಸ ಸವಾರಳೊಬ್ಬಳನ್ನು ಆ ಏರಿಯ ಮೇಲೆ ಬಿಟ್ಟು ನಾನು ಮುಂದೆ ಹೋಗಿದ್ದೆನು. ಅಂದು ಇಬ್ಬರೂ ಸೈಕಲ್ಲುಗಳನ್ನು ನೂಕಿಕೊಂಡು ಊರು ಸೇರಿ, ಗಾಯಕ್ಕೆ ಔಷಧ ಹಾಕಿಸಿ, ಲಗೇಜು ಆಟೋದಲ್ಲಿ ಮನೆಗೆ ಬಂದೆವು. ಎರಡು ತಿಂಗಳು ಆಕೆ ಸೈಕಲ್ಲನ್ನು ಮುಟ್ಟಲಿಲ್ಲ. ನಾನೂ ಬಲವಂತಪಡಿಸಲಿಲ್ಲ.

ಆ ಎರಡು ತಿಂಗಳು ನಾನು ಬಹಳವಾಗಿ ಯೋಚಿಸಿದೆನು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪಾಠ ಹೇಳಿದವನು ನಾನು. ಮುಂದಿನ ಬೆಂಚಿನ ಹುಡುಗರ ವೇಗಕ್ಕೆ ಪಾಠವನ್ನು ನಡಸಿ, ಹಿಂದಿನ ಬೆಂಚಿನವರು ಏದುಸಿರು ಬಿಡುತ್ತ ಬರುವುದನ್ನು ಕಾಣದೆ ಎಷ್ಟು ಸಲ ಸಾಗಿದ್ದೇನೆಯೋ! ಪರೀಕ್ಷೆಯಲ್ಲಿ ಅವರು ಬಿದ್ದಾಗ, “ಏಕೆ ಓದಲಿಲ್ಲ?” ಎಂದು ಗದರಿಸಿದ್ದೂ ಉಂಟು. ಕಾಲುವೆಯ ಏರಿಯ ಮೇಲೆ ನಾನು ಆಡಿದ ಮಾತೂ ಅದೇ ಜಾತಿಯದು. ಜೊತೆಯಲ್ಲಿ ಹೋಗುವ ಪ್ರಯಾಣವನ್ನು ಬಲವುಳ್ಳವರ ಅಳತೆಯಿಂದ ಯೋಜಿಸಿದರೆ ಅದು ಇಬ್ಬರ ಪ್ರಯಾಣವಾಗದೆ ಒಬ್ಬರ ಪ್ರಯಾಣವೂ ಮತ್ತೊಬ್ಬರ ಓಟವೂ ಆಗುತ್ತದೆ. ಹೊಸಬರ ಅಳತೆಯೇ ಪ್ರಯಾಣದ ಅಳತೆಯಾಗತಕ್ಕದ್ದು. ಮುಂದೆ ಹೇಳುವ ನಿಯಮಗಳೆಲ್ಲವೂ ಇದರಿಂದಲೇ ಹೊರಡುತ್ತವೆ.

ಮೊದಲನೆಯದು, ದೂರ. ಸಂಸ್ಕೃತ ಶಾಸ್ತ್ರಗಳಲ್ಲಿ ಸೂಚೀಕಟಾಹ ನ್ಯಾಯವೆಂಬುದೊಂದುಂಟು. ಕಮ್ಮಾರನಲ್ಲಿಗೆ ಒಬ್ಬನು ಕಡಾಯಿಯನ್ನೂ ಮತ್ತೊಬ್ಬನು ಸೂಜಿಯನ್ನೂ ಮಾಡಿಸಿಕೊಳ್ಳಲು ಬಂದರೆ, ಅವನು ಮೊದಲು ಸೂಜಿಯನ್ನು ಮಾಡಿ ಆಮೇಲೆ ಕಡಾಯಿಗೆ ಕೈಹಾಕುತ್ತಾನೆ. ಅಲ್ಪವಾದುದು ಮೊದಲು, ಮಹತ್ತಾದುದು ಆಮೇಲೆ. ಹೊಸಬರು ಎರಡು ದಿನ ಒಂದರ ಮೇಲೊಂದರಂತೆ ನೋವಿಲ್ಲದೆ ಎಷ್ಟು ದೂರ ಹೋಗಬಲ್ಲರೆಂದು ನೋಡಿ, ಅದರ ಮೂರರಲ್ಲಿ ಎರಡು ಪಾಲನ್ನು ಮಾತ್ರ ಪ್ರವಾಸದ ದೂರವಾಗಿ ಇಟ್ಟುಕೊಳ್ಳಬೇಕು. ಮಿಕ್ಕ ಪಾಲು ಗಾಳಿಗೆ, ಬಿಸಿಲಿಗೆ, ದಾರಿ ತಪ್ಪುವುದಕ್ಕೆ. ವೇಗವು ಗಂಟೆಗೆ 8ರಿಂದ 10 ಕಿಲೋಮೀಟರು ಸಾಕು. ತುಳಿಯುತ್ತಲೇ ಮಾತನಾಡಲು ಉಸಿರು ಸಾಲುವಂತಿದ್ದರೆ ವೇಗವು ಸರಿಯಾಗಿದೆಯೆಂದು ತಿಳಿಯಬಹುದು.

ಎರಡನೆಯದು, ಸ್ಥಾನ. ಅನುಭವಸ್ಥರು ಹಿಂದೆ ಇರಬೇಕು. ವಾಹನಗಳು ಬರುವ ರಸ್ತೆಯಾದರೆ ಹಿಂದೆ ಸ್ವಲ್ಪ ಬಲಕ್ಕೆ. ಆಗ ಹೊಸಬರು ತಮ್ಮ ವೇಗದಲ್ಲಿ, ತಮ್ಮ ಕಣ್ಣಿನಿಂದ ದಾರಿಯನ್ನು ನೋಡುತ್ತಾರೆ. ಹಿಂದಿನಿಂದ ಬರುವ ಲಾರಿಯ ವಿಚಾರವನ್ನು ಬಲ್ಲವರು ನೋಡಿಕೊಳ್ಳುತ್ತಾರೆ. ದೊಡ್ಡ ರಸ್ತೆಯನ್ನು ದಾಟುವಾಗ ಇಬ್ಬರೂ ಇಳಿದು ನಡೆಯತಕ್ಕದ್ದು.

ಮೂರನೆಯದು, ನೀರಿನ ಪಕ್ಕ. ನೀರಿನ ದಡದ ದಾರಿಯು ಎಷ್ಟು ಸುಂದರವೋ ಹೊಸಬರಿಗೆ ಅಷ್ಟೇ ಕಠಿಣ. ನಮ್ಮ ದೇಶದಲ್ಲಿ ಎಡಗಡೆಯಲ್ಲಿ ಸಾಗುವುದು ನಿಯಮ. ಆದುದರಿಂದ ನೀರು ಎಡಕ್ಕಿದ್ದರೆ ಸವಾರನು ನೀರಿನ ಅಂಚಿನಲ್ಲಿಯೇ ಹೋಗಬೇಕಾಗುತ್ತದೆ. ಬಲಕ್ಕಿದ್ದರೆ ರಸ್ತೆಯ ಬಹುಭಾಗವು ಅವನಿಗೂ ನೀರಿಗೂ ನಡುವೆ ಉಳಿಯುತ್ತದೆ. ನೀರು ಬಲಗಡೆಗೆ ಬರುವಂತೆ ಹೋಗುವ ದಿಕ್ಕನ್ನು ಗೊತ್ತುಮಾಡಿ, ಮರಳುವಾಗ ಬೇರೆ ದಾರಿಯನ್ನು ಹಿಡಿಯಬೇಕು. ಅಡ್ಡಗೋಡೆಯಿಲ್ಲದ ಕಾಲುವೆಯ ಏರಿಯ ಮೇಲೆ ಹೊಸಬರು ಸವಾರಿ ಮಾಡಲೇಕೂಡದು. ನಡೆಯಬಹುದು, ನಿಂತು ನೋಡಬಹುದು.

ನಾಲ್ಕನೆಯದು, ಕಾಲ. ಕಾರ್ತಿಕದಿಂದ ಮಾಘದವರೆಗೆ ನಮ್ಮ ಸೀಮೆಯು ಸವಾರಿಗೆ ಹಿತವಾದುದು. ಆಷಾಢದಲ್ಲಿ ಪಡುವಣ ಗಾಳಿಯು ಬಲವಾಗಿ ಬೀಸುವುದರಿಂದ ಪಶ್ಚಿಮಾಭಿಮುಖವಾಗಿ ತುಳಿಯುವುದು ಹೊಸಬರಿಗೆ ಆಗದ ಮಾತು. ಗಾಳಿಯಿರುವ ದಿನಗಳಲ್ಲಿ ಮೊದಲು ಗಾಳಿಗೆ ಎದುರಾಗಿ ಹೋಗಿ, ದಣಿದ ಮೇಲೆ ಗಾಳಿಯೊಡನೆ ಮರಳುವಂತೆ ಯೋಜಿಸಬೇಕು. ಬೆಳಕು ಹರಿದೊಡನೆ ಹೊರಟು ಹತ್ತು ಗಂಟೆಯೊಳಗೆ ಸವಾರಿಯನ್ನು ಮುಗಿಸಬೇಕು. ಮಂಜು ಕವಿದ ದಿನ ಅದು ಕರಗುವವರೆಗೆ ಕಾಯಬೇಕು. ಸೈಕಲ್ಲಿನ ಹಿಂದೆ ಕೆಂಪು ದೀಪವೂ ತಲೆಗೆ ಹೆಲ್ಮೆಟ್ಟೂ ಇರಬೇಕು. ಕಬ್ಬು ಕಡಿಯುವ ಕಾಲದಲ್ಲಿ ಟ್ರ್ಯಾಕ್ಟರುಗಳ ಹೊರೆಯು ಎರಡು ಪಕ್ಕಕ್ಕೂ ಚಾಚಿಕೊಂಡಿರುತ್ತದೆ. ಅವುಗಳನ್ನು ಕಂಡರೆ ಇಳಿದು ನಿಲ್ಲುವುದೇ ಲೇಸು. ಸುಗ್ಗಿಯಲ್ಲಿ ರೈತರು ರಾಗಿಯನ್ನೂ ಹುರುಳಿಯನ್ನೂ ರಸ್ತೆಯ ಮೇಲೆಯೇ ಹರಡಿ ವಾಹನಗಳಿಂದ ತುಳಿಸುವುದುಂಟು. ಆ ಹುಲ್ಲಿನ ಮೇಲೆ ಚಕ್ರವು ಜಾರುತ್ತದೆ, ಕಡ್ಡಿಗಳು ಚೈನಿಗೆ ಸುತ್ತಿಕೊಳ್ಳುತ್ತವೆ. ಅಲ್ಲಿಯೂ ಇಳಿದು ನಡೆಯತಕ್ಕದ್ದು.

ಐದನೆಯದು, ಮರಳುವ ಸ್ವಾತಂತ್ರ್ಯ. “ಇಲ್ಲಿಗೆ ಸಾಕು” ಎಂದು ಹೊಸಬರು ಯಾವ ಸ್ಥಳದಲ್ಲಿ ಹೇಳಿದರೂ, ಮುಖವನ್ನು ಸಣ್ಣಗೆ ಮಾಡದೆ ಹಿಂದಿರುಗುವುದಾಗಿ ಬಲ್ಲವರು ಹೊರಡುವ ಮೊದಲೇ ಮಾತು ಕೊಡಬೇಕು. ಪರಿಚಿತನಾದ ಆಟೋದವನೊಬ್ಬನ ನಂಬರು ಜೇಬಿನಲ್ಲಿರಬೇಕು. ಐವತ್ತು ದಾಟಿದವರು ವೈದ್ಯರಿಗೆ ಮೊಣಕಾಲನ್ನೂ ರಕ್ತದೊತ್ತಡವನ್ನೂ ತೋರಿಸಿಯೇ ಹೊರಡುವುದು ವಿವೇಕ. ಪಂಪು, ಪಂಕ್ಚರ್ ಸಾಮಾನು, ಗಾಯಕ್ಕೆ ಬಟ್ಟೆ, ಕುಡಿಯುವ ನೀರು, ಬಾಳೆಯ ಹಣ್ಣು, ಒಂದು ಅಚ್ಚು ಬೆಲ್ಲ, ಇಷ್ಟಿದ್ದರೆ ಸಾಕು. ನಾಲ್ಕೈದು ಕಿಲೋಮೀಟರಿಗೊಮ್ಮೆ ನಿಂತು, ಬಾಯಾರುವ ಮೊದಲೇ ಎರಡು ಗುಟುಕು ನೀರನ್ನು ಕುಡಿಯಬೇಕು.

ಈ ನಿಯಮಗಳನ್ನು ನಮ್ಮ ಸೀಮೆಗೆ ಹೊಂದಿಸಿ ನೋಡೋಣ. ಮೊದಲ ಮೆಟ್ಟಿಲು ಶ್ರೀರಂಗಪಟ್ಟಣದ ದ್ವೀಪವೇ. ಕೋಟೆಯಿಂದ ಹೊರಟು, 1784ರಲ್ಲಿ ಕಟ್ಟಿದ ದರಿಯಾ ದೌಲತ್ತನ್ನು ನೋಡಿಕೊಂಡು, ಹೈದರಾಲಿಯೂ ಟಿಪ್ಪುವೂ ಮಲಗಿರುವ ಗುಂಬಜಿನ ಮೇಲಿಂದ, ಕಾವೇರಿಯ ಎರಡು ಕವಲುಗಳು ಕೂಡುವ ಸಂಗಮದವರೆಗೆ ಹೋಗಬಹುದು. ನೆಲವು ಬಹುಮಟ್ಟಿಗೆ ಸಮ; ಪ್ರವಾಸಿಗರ ಬಸ್ಸುಗಳು ಬರುವ ಮೊದಲು ರಸ್ತೆಯೂ ಶಾಂತ. ಎರಡನೆಯ ಮೆಟ್ಟಿಲು ರಂಗನತಿಟ್ಟು. ಸಾಲಿಂ ಅಲಿಯವರ ಸಲಹೆಯಿಂದ 1940ರಲ್ಲಿ ಪಕ್ಷಿಧಾಮವೆಂದು ಘೋಷಿತವಾದ ಆ ಸ್ಥಳವು ಪಟ್ಟಣಕ್ಕೆ ಸಮೀಪದಲ್ಲಿಯೇ ಇದೆ. 2022ರಲ್ಲಿ ಅದಕ್ಕೆ ರಾಮ್ಸಾರ್ ಪಟ್ಟಿಯಲ್ಲಿ ಸ್ಥಾನವೂ ದೊರೆಯಿತು. ಮಳೆಗಾಲದಲ್ಲಿ ಮಾತ್ರ ಪತ್ರಿಕೆಯನ್ನು ನೋಡಿ ಹೊರಡಬೇಕು. ಕೃಷ್ಣರಾಜಸಾಗರದ ಪೂರ್ಣಮಟ್ಟವು 124.80 ಅಡಿ, ನೀರು ಅದಕ್ಕೆ ಸಮೀಪಿಸಿದರೆ ನದಿಗೆ ಬಿಡುತ್ತಾರೆ, ಆಗ ದಡದ ಸ್ಥಳಗಳು ಅಪಾಯಕರ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಸೈಕಲ್ಲು ಮತ್ತು ದ್ವಿಚಕ್ರ ವಾಹನಗಳನ್ನು ನಿಷೇಧಿಸಿದ್ದಾರೆ. ಪಕ್ಕದ ಸರ್ವಿಸ್ ರಸ್ತೆಯೂ ಹೊಸಬರಿಗೆ ತಕ್ಕುದಲ್ಲ.

ಮೂರನೆಯ ಮೆಟ್ಟಿಲು ಪಾಂಡವಪುರದಿಂದ ತೊಣ್ಣೂರು. ಹಿರೋಡೆಯೆಂದೂ, ಹೈದರ್–ಟಿಪ್ಪುಗಳ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಫ್ರೆಂಚ್ ರಾಕ್ಸ್ ಎಂದೂ ಹೆಸರು ಪಡೆದಿದ್ದ ಊರು ಪಾಂಡವಪುರ; ಪಕ್ಕದಲ್ಲಿ ಕುಂತಿಬೆಟ್ಟ. ನಾಲ್ಕನೆಯದು ಕೃಷ್ಣರಾಜಪೇಟೆ. ಪೇಟೆಗೆ ತೀರ ಹತ್ತಿರದಲ್ಲಿ ಹೊಸಹೊಳಲಿನ ಲಕ್ಷ್ಮೀನಾರಾಯಣನ ಹೊಯ್ಸಳ ದೇವಾಲಯವಿದೆ. ಇನ್ನೊಂದು ದಿನಕ್ಕೆ ಹೇಮಗಿರಿಯ ಬಳಿಯ ಹೇಮಾವತಿಯ ದಡ. ಬಲವು ಹೆಚ್ಚಿದ ಮೇಲೆ ಕವಿ ಕೆ. ಎಸ್. ನರಸಿಂಹಸ್ವಾಮಿಯವರು 1915ರಲ್ಲಿ ಹುಟ್ಟಿದ ಕಿಕ್ಕೇರಿ, ಅಲ್ಲಿಯ ಬ್ರಹ್ಮೇಶ್ವರ ದೇವಾಲಯ. ನಾಗಮಂಗಲವನ್ನು ಕಡೆಗೆ ಇಟ್ಟುಕೊಳ್ಳಬೇಕು. ಶ್ರೀರಂಗಪಟ್ಟಣವು ಸಮುದ್ರಮಟ್ಟದಿಂದ ಸುಮಾರು 680 ಮೀಟರು ಎತ್ತರದಲ್ಲಿದ್ದರೆ ನಾಗಮಂಗಲವು ಸುಮಾರು 770 ಮೀಟರಿನಲ್ಲಿದೆ. ನಡುವೆ ಏರು ಇಳಿತಗಳು ಬಹಳ, ನೆರಳು ಕಡಿಮೆ. ಸೌಮ್ಯಕೇಶವನ ದರ್ಶನಕ್ಕೆ ಬಸ್ಸಿನಲ್ಲಿ ಹೋಗಿಬಂದರೂ ಪುಣ್ಯಕ್ಕೆ ಲೋಪವಿಲ್ಲ.

ಎರಡು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಆಕೆಯೇ, “ಸಂಗಮದವರೆಗೆ ಹೋಗೋಣವೆ? ನೀವು ಹಿಂದೆ ಬನ್ನಿ” ಎಂದಳು. ಹಾಗೆಯೇ ಹೋದೆವು. ಆ ತಿಂಗಳಲ್ಲಿ ಆರು ಸಲ ಸಂಗಮಕ್ಕೂ ಎರಡು ಸಲ ರಂಗನತಿಟ್ಟಿಗೂ ಹೋಗಿಬಂದ ಮೇಲೆ ತೊಣ್ಣೂರಿನ ಮಾತು ಬಂತು. ಈ ಸಲ ವಾಹನಗಳ ದಟ್ಟಣೆಯಿರುವ ಭಾಗವನ್ನು ಸವಾರಿ ಮಾಡಲೇ ಇಲ್ಲ. ಸೈಕಲ್ಲುಗಳನ್ನು ಲಗೇಜು ಆಟೋದಲ್ಲಿ ಹೇರಿಸಿ ಪಾಂಡವಪುರದಲ್ಲಿ ಇಳಿದೆವು. ಅಲ್ಲಿಂದ 8–10 ಕಿಲೋಮೀಟರು. ಮೂರು ಕಡೆ ನಿಂತೆವು. ಕಾಲುವೆಯ ಸೇತುವೆ ಬಂದಾಗ ಆಕೆ ಇಳಿದು, ನೂಕಿಕೊಂಡು, ನೀರನ್ನು ನೋಡದೆ ದಾಟಿದಳು. ನಾನು ಏನೂ ಹೇಳಲಿಲ್ಲ. ದಾರಿಯಲ್ಲಿ ಮಿಂಚುಳ್ಳಿಯೊಂದು ತಂತಿಯ ಮೇಲೆ ಕುಳಿತದ್ದನ್ನೂ, ಅವರೆಯ ಹೊಲದ ಸೊಗಡನ್ನೂ ನನಗೆ ತಿಳಿಸಿದವಳು ಆಕೆಯೇ. ಮುಂದೆ ಹೋಗುವ ಅಭ್ಯಾಸದವನಾದ ನಾನು ಇಷ್ಟು ವರ್ಷ ಅವನ್ನೆಲ್ಲ ಗಮನಿಸಿಯೇ ಇರಲಿಲ್ಲ.

ತೊಣ್ಣೂರು ಕೆರೆಯು ಬೆಟ್ಟಗಳ ನಡುವೆ ಇದೆ. ಶ್ರೀ ರಾಮಾನುಜಾಚಾರ್ಯರು ವಾಸಿಸಿದ್ದ ಊರದು. ನಂಬಿನಾರಾಯಣನ ದೇವಾಲಯವು ಅಲ್ಲಿದೆ. ನೀರಿನ ಸ್ವಚ್ಛತೆಯನ್ನು ಮೆಚ್ಚಿ ಮುಸಲ್ಮಾನ ಪ್ರಭುಗಳು ಇದಕ್ಕೆ ಮೋತಿ ತಲಾಬ್, ಎಂದರೆ ಮುತ್ತಿನ ಕೆರೆ, ಎಂದು ಹೆಸರಿಟ್ಟರೆಂದು ಹೇಳುತ್ತಾರೆ. ಅಂದು ಸ್ವಲ್ಪ ಗಾಳಿಯಿದ್ದುದರಿಂದ ಕೆರೆಯ ಮೇಲೆ ತೆರೆಗಳು ಎದ್ದು ಏರಿಯ ಕಲ್ಲುಗಳಿಗೆ ತಾಗುತ್ತಿದ್ದುವು. ಬುತ್ತಿಯ ಮೊಸರನ್ನವನ್ನು ಉಂಡು, ಬಹಳ ಹೊತ್ತು ಸುಮ್ಮನೆ ಕುಳಿತಿದ್ದು, ಆಕೆಯು ಅಂಗೈಯ ಹಳೆಯ ಗುರುತನ್ನು ನೋಡಿಕೊಳ್ಳುತ್ತ, “ಇದಕ್ಕೂ ಸಮುದ್ರಕ್ಕೂ ಉಪ್ಪಿನದೊಂದೇ ವ್ಯತ್ಯಾಸ” ಎಂದಳು. ಮೇಲುಕೋಟೆಯ ಬೆಟ್ಟವು ದೂರದಲ್ಲಿತ್ತು. ಅಲ್ಲಿಗೆ ಹೋಗುವ ಮಾತನ್ನು ನಾನು ಎತ್ತಲಿಲ್ಲ. ಪಾಂಡವಪುರಕ್ಕೆ ಮರಳುವಾಗಲೂ ನಾನು ಹಿಂದೆಯೇ ಇದ್ದೆನು.

ಮರವಂತೆಗೆ ಹೋಗುವಿರಾ ಎಂದು ವಾಚಕರು ಕೇಳಬಹುದು. ಅದು ಲಾರಿಗಳ ಹೆದ್ದಾರಿ. ಸಮುದ್ರದ ಅಂದವನ್ನು ನೋಡುತ್ತ ಅಲ್ಲಿ ಹೊಸಬರು ಸವಾರಿ ಮಾಡುವುದು ಸಾಧುವಲ್ಲ. ಆದರೆ ಕರಾವಳಿಯಲ್ಲಿ ಹೆದ್ದಾರಿಯನ್ನು ಬಿಟ್ಟು ಕಡಲ ಕಡೆಗೆ ಇಳಿಯುವ ಊರೊಳಗಿನ ದಾರಿಗಳೂ ಉಂಟು. ಬರುವ ಮಾಘ ಮಾಸಕ್ಕೆ ಅಂತಹ ಐದಾರು ಕಿಲೋಮೀಟರಿನ ದಾರಿಯೊಂದನ್ನು ಹುಡುಕಬೇಕೆಂದು ಯೋಚನೆ ನಡೆದಿದೆ. ನಕ್ಷೆಯು ಊಟದ ಮನೆಯಲ್ಲಿ ಹರಡಿದೆ. ಈ ಸಲ ಪೆನ್ಸಿಲು ಆಕೆಯ ಕೈಯಲ್ಲಿದೆ. ಎಲ್ಲಿ ನಿಲ್ಲಬೇಕು, ಎಲ್ಲಿ ನಡೆಯಬೇಕು, ಎಷ್ಟಕ್ಕೆ ಸಾಕು ಎಂಬುದನ್ನು ಆಕೆಯೇ ಗುರುತುಮಾಡುತ್ತಿದ್ದಾಳೆ. ಕೇಳಿದಾಗ ಮಾತ್ರ ನಾನು ಹೇಳುತ್ತೇನೆ.

ವಾಚಕರ ಮನೆಗಳಲ್ಲಿಯೂ ಯಾರಾದರೂ ಹೊಸದಾಗಿ ಸವಾರಿ ಕಲಿತಿದ್ದರೆ, ಅವರನ್ನು ಮುಂದೆ ಬಿಟ್ಟು ತಾವು ಹಿಂದೆ ಹೊರಡಿರಿ. ಎಲ್ಲರಿಗೂ ಕ್ಷೇಮವಾದ ಪ್ರಯಾಣವು ಲಭಿಸಲಿ.